ಕುರ್ಚಿ ಕೊಟ್ಟರು, ಮಾತು ಕೊಡಲಿಲ್ಲ

ಸಿನಿಮಾ ಪುಟ ಬರೆಯುವವರ ಹತ್ತಿರ ಒಂದು ಸವೆದ ಪದವಿದೆ: ಹೊಟ್ಟೆಕಿಚ್ಚು. ನಾಯಕನ ಮೇಲೆ ಸಣ್ಣ ಪಾತ್ರದವನು ಬಾಯಿ ಬಿಟ್ಟರೆ ಹೊಟ್ಟೆಕಿಚ್ಚು. ಸಂಬಳದ ಮಾತೆತ್ತಿದರೆ ಹೊಟ್ಟೆಕಿಚ್ಚು. ಮೂವತ್ತು ವರ್ಷ ಸುಮ್ಮನಿದ್ದವನು ಒಂದು ದಿನ ಪುಸ್ತಕ ಬರೆದರೆ ಅದೂ ಹೊಟ್ಟೆಕಿಚ್ಚೇ. ಈ ಪದದ ಪರಿಚಯವನ್ನು ಕೇರಿಯಲ್ಲಿ ಹುಟ್ಟಿದವರಿಗೆ ಯಾರೂ ಮಾಡಿಕೊಡಬೇಕಾಗಿಲ್ಲ. ಕೂಲಿ ನಾಕಾಣೆ ಜಾಸ್ತಿ ಕೇಳಿದ ಆಳಿಗೆ ಗೌಡ ಹೇಳುತ್ತಿದ್ದುದೂ ಇದನ್ನೇ: 'ಉಣ್ಣೋರ್ ಮನೆ ನೋಡಿ ಹೊಟ್ಟೆ ಉರ್ಕತಾನೆ ನನ್ಮಗ.' ಸಿಟ್ಟಿಗೆ ಕಾರಣ ಎಲ್ಲಿದೆ ಅಂತ ನೋಡುವ ಬದಲು ಸಿಟ್ಟುಮಾಡಿಕೊಂಡವನ ಗುಣದಲ್ಲೇ ಐಬು ಹುಡುಕುವುದು ಯಜಮಾನರ ಹಳೆಯ ವಿದ್ಯೆ. ನಮ್ಮ ನವ್ಯ ವಿಮರ್ಶಕರು ಇದನ್ನೇ ಇನ್ನೂ ನಯವಾಗಿ ಮಾಡಿದರು. ಎಲ್ಲಾ ಜಗಳವನ್ನೂ ವ್ಯಕ್ತಿಯ ಒಳಲೋಕಕ್ಕೆ ತಳ್ಳಿ ಬಾಗಿಲು ಹಾಕಿಕೊಂಡರು.

ಅಮೆರಿಕದ 'ಸ್ಟಾರ್ ಟ್ರೆಕ್' ಎಂಬ ಟೆಲಿವಿಷನ್ ಧಾರಾವಾಹಿಯ ನಟರ ನಡುವೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹೊಗೆಯಾಡಿದ ಅಸಮಾಧಾನವನ್ನು ಈ ಕಣ್ಣಿನಿಂದ ನೋಡಬೇಕೆಂಬುದು ನನ್ನ ಆಸೆ. ಹೊಲ, ಕೂಲಿ, ಹಾಸ್ಟೆಲ್ಲಿನ ಅನ್ನ ಇವನ್ನೆಲ್ಲ ಬಿಟ್ಟು ಅಮೆರಿಕದ ಟೀವಿ ಯಾಕಪ್ಪ ಅಂತ ಗೆಳೆಯರು ಕೇಳಬಹುದು. ಕೇಳಲಿ. 1972ರಲ್ಲಿ ಮುಂಬೈನ ನಮ್ಮ ಹುಡುಗರು ಸಂಘಟನೆ ಕಟ್ಟಿದಾಗ ಅದಕ್ಕೆ ದಲಿತ್ ಪ್ಯಾಂಥರ್ಸ್ ಎಂಬ ಹೆಸರನ್ನು ತಂದದ್ದು ಅಮೆರಿಕದ ಕಪ್ಪು ಜನರ ಚಳವಳಿಯಿಂದಲೇ. ಅವರ ನೋವಿನಿಂದ ಹೆಸರು ತರಬಹುದಾದರೆ ಅವರ ಟೀವಿಯಿಂದ ಒಂದು ಪಾಠ ತರುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಮೊದಲು ಕಥೆಯ ಚೌಕಟ್ಟು. 1966ರ ಸೆಪ್ಟೆಂಬರ್ 8ರಂದು ಎನ್‌ಬಿಸಿ ವಾಹಿನಿಯಲ್ಲಿ ಶುರುವಾಗಿ 1969ರಲ್ಲಿ ನಿಂತುಹೋದ, ಒಟ್ಟು 79 ಕಂತುಗಳ ಧಾರಾವಾಹಿ ಇದು. ಜೀನ್ ರಾಡೆನ್‌ಬರಿ ಇದರ ಕರ್ತೃ. ಮುನ್ನೂರು ವರ್ಷದ ಆಚೆಗೆ ಮನುಷ್ಯರು ಬಣ್ಣಭೇದ, ದೇಶಭೇದ ಎಲ್ಲವನ್ನೂ ದಾಟಿ ಒಂದೇ ಹಡಗಿನಲ್ಲಿ ನಕ್ಷತ್ರಗಳ ನಡುವೆ ಹೋಗುತ್ತಿರುತ್ತಾರೆ. ಹಡಗಿನ ಚುಕ್ಕಾಣಿ ಕೋಣೆಯಲ್ಲಿ ಆಫ್ರಿಕದ ಹೆಣ್ಣುಮಗಳು ಉಹುರಾ, ಏಷ್ಯಾ ಮೂಲದ ಸುಲು, ಸ್ಕಾಟ್ಲೆಂಡಿನ ಎಂಜಿನಿಯರ್ ಸ್ಕಾಟಿ, ಎರಡನೆಯ ವರ್ಷದಿಂದ ರಷ್ಯಾದ ಹುಡುಗ ಚೆಕಾವ್. ವಿಯೆಟ್ನಾಂ ಯುದ್ಧ ಉರಿಯುತ್ತಿದ್ದ, ರಷ್ಯಾ ಎಂದರೆ ಶತ್ರು ಎಂದಿದ್ದ ಕಾಲದಲ್ಲಿ ಇಂಥ ಒಂದು ಕೋಣೆಯನ್ನು ತೋರಿಸಿದ್ದು ಸಣ್ಣ ಮಾತಲ್ಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಆ ಕೋಣೆಯಲ್ಲಿ ಯಾರು ಎಲ್ಲಿ ಕೂತಿದ್ದಾರೆ ನೋಡಿ. ನಟ್ಟನಡುವೆ, ಎತ್ತರದ ಕುರ್ಚಿಯಲ್ಲಿ ಕ್ಯಾಪ್ಟನ್ ಕರ್ಕ್. ಆ ಪಾತ್ರ ವಿಲಿಯಂ ಶಾಟ್ನರ್ ಅವರದು. ಪಕ್ಕದಲ್ಲಿ ನಿಲ್ಲುವ ಸ್ಪಾಕ್ ಲಿಯೊನಾರ್ಡ್ ನಿಮೊಯ್. ಆಮೇಲೆ ಡಾಕ್ಟರು. ಉಳಿದವರೆಲ್ಲ ಸುತ್ತ ಗೋಡೆ ಕಡೆಗೋ, ಕ್ಯಾಪ್ಟನ್ನಿಗೆ ಬೆನ್ನು ಹಾಕಿ ಮುಂದುಗಡೆಯೋ. ಧಾರಾವಾಹಿ ಶುರುವಾಗುವಾಗ ಹೆಸರು ಬರುತ್ತಿದ್ದುದು ಮೊದಲ ವರ್ಷ ಶಾಟ್ನರ್, ನಿಮೊಯ್ ಇಬ್ಬರದೇ. ಎರಡನೇ ವರ್ಷದಿಂದ ಡಾಕ್ಟರ್ ಪಾತ್ರದ ಡಿಫಾರೆಸ್ಟ್ ಕೆಲಿ ಅವರದೂ ಸೇರಿತು. ಉಹುರಾ ಆದ ನಿಷೆಲ್ ನಿಕೋಲ್ಸ್, ಸುಲು ಆದ ಜಾರ್ಜ್ ಟಕೈ, ಸ್ಕಾಟಿ ಆದ ಜೇಮ್ಸ್ ಡೂಹನ್, ಚೆಕಾವ್ ಆದ ವಾಲ್ಟರ್ ಕೋನಿಗ್ ಇವರ ಹೆಸರು ಎಲ್ಲಾ ಮುಗಿದು ಜನ ಎದ್ದುಹೋಗುವ ಹೊತ್ತಿಗೆ ಬರುತ್ತಿತ್ತು. ಊರಿನ ಊಟದಲ್ಲಿ ಎರಡನೇ ಪಂಕ್ತಿ, ಮೂರನೇ ಪಂಕ್ತಿ ಅನ್ನುವುದು ನಮಗೆ ಗೊತ್ತಿರುವ ಲೆಕ್ಕವೇ ತಾನೆ.

ಉಹುರಾ ಸಂಪರ್ಕ ಅಧಿಕಾರಿ. ಆಕೆಯ ಕೆಲಸ ಏನಪ್ಪಾ ಅಂದರೆ ಬೇರೆ ಹಡಗಿನವರೊಡನೆ ಮಾತಾಡಲು ದಾರಿ ತೆರೆಯುವುದು. ತೆರೆದ ಮೇಲೆ ಮಾತಾಡುವವನು ಕ್ಯಾಪ್ಟನ್. 'ದಾರಿ ತೆರೆದಿದೆ' ಎಂಬರ್ಥದ ಆ ಒಂದೇ ಮಾತನ್ನು ನಿಕೋಲ್ಸ್ ಎಷ್ಟು ಸಲ ಹೇಳಿದರೋ, ಆ ಮಾತೇ ಅವರಿಗೆ ಅಂಟಿಕೊಂಡಿತು. ಬರೆದಾಗ ಇದ್ದ ಮಾತುಗಳು ಚಿತ್ರೀಕರಣದ ಹೊತ್ತಿಗೆ ಕರಗಿಹೋಗುತ್ತಿದ್ದವು ಅಂತ ಅವರೂ ಟಕೈ ಅವರೂ ತಂತಮ್ಮ ಪುಸ್ತಕಗಳಲ್ಲಿ ಬರೆದಿದ್ದಾರೆ. ಒಂದು ಕಂತಿನಲ್ಲಿ ಸುಲು ಹೇಳಬೇಕಾದ ಉಪಾಯ ಕ್ಯಾಪ್ಟನ್ನಿನ ಬಾಯಿಗೆ ಹೋಗುತ್ತದೆ. ಸುಲುವಿಗೆ ಉಳಿಯುವುದು 'ಆಗಲಿ ಕ್ಯಾಪ್ಟನ್'. ಬುದ್ಧಿ ಕೆಳಗಿನವನದ್ದು, ಹೆಸರು ಮೇಲಿನವನದ್ದು. ನಾಯಕ ನಟ ತನ್ನ ಮಾತುಗಳನ್ನು ಎಣಿಸುತ್ತಿದ್ದರೆಂಬುದು ಇವರೆಲ್ಲರ ದೂರು.

ನಿಕೋಲ್ಸ್ ಅವರ ದೂರು ಇಷ್ಟಕ್ಕೇ ಮುಗಿಯುವುದಿಲ್ಲ. ಮೊದಲ ವರ್ಷ ಅವರಿಗೆ ಉಳಿದವರಂತೆ ಕಾಯಂ ಕರಾರೂ ಇರಲಿಲ್ಲ. ಕರೆದ ದಿನಕ್ಕೆ ಕೂಲಿ. ಸ್ಟುಡಿಯೋದ ಗೇಟಿನಲ್ಲೇ ಅವಮಾನವಾಯಿತೆಂದೂ, ಜನ ತನಗೆ ಬರೆದ ರಾಶಿ ರಾಶಿ ಕಾಗದಗಳನ್ನು ತನ್ನ ಕೈಗೆ ಕೊಡದೆ ಇಟ್ಟುಕೊಂಡಿದ್ದರೆಂದೂ 1994ರ ತಮ್ಮ ಆತ್ಮಕಥೆಯಲ್ಲಿ ಹೇಳುತ್ತಾರೆ. ಕಾಗದ ಮುಚ್ಚಿಟ್ಟದ್ದು ಯಾಕೆ? ತನ್ನನ್ನು ಎಷ್ಟು ಜನ ಮೆಚ್ಚುತ್ತಾರೆ ಅಂತ ಗೊತ್ತಾದ ದಿನ ಆಳು ಕೂಲಿ ಜಾಸ್ತಿ ಕೇಳುತ್ತಾನೆ. ಇಲ್ಲಿ ಗಮನಿಸಿ, ಈ ಕೆಲಸ ಮಾಡಿದ್ದು ನಾಯಕ ನಟ ಅಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಬೇಸತ್ತ ನಿಕೋಲ್ಸ್ ಮೊದಲ ವರ್ಷದ ಕೊನೆಗೆ ರಾಜೀನಾಮೆ ಕೊಟ್ಟರು. ಅದೇ ವಾರ ಒಂದು ಸಮಾರಂಭದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸಿಕ್ಕರು. ನಾನು ನಿಮ್ಮ ಅಭಿಮಾನಿ ಅಂದರು. ತಮ್ಮ ಮನೆಯಲ್ಲಿ ಮಕ್ಕಳು ರಾತ್ರಿ ಎದ್ದಿದ್ದು ನೋಡಲು ಬಿಡುವ ಧಾರಾವಾಹಿ ಇದೊಂದೇ ಅಂದರು. ಬಿಡುತ್ತಿದ್ದೇನೆ ಅಂತ ಈಕೆ ಹೇಳಿದಾಗ, ಬಿಡಕೂಡದು, ಜಗತ್ತು ಮೊದಲ ಸಲ ನಮ್ಮನ್ನು ಮನುಷ್ಯರ ಹಾಗೆ ನೋಡುತ್ತಿದೆ ಎಂಬ ಅರ್ಥದ ಮಾತು ಹೇಳಿದರು. ನಿಕೋಲ್ಸ್ ಉಳಿದರು. ಈ ಘಟನೆಯನ್ನು ಅವರು ಬದುಕಿರುವವರೆಗೂ ಹೇಳಿದರು. ಅವರು ತೀರಿಕೊಂಡದ್ದು 2022ರ ಜುಲೈನಲ್ಲಿ.

ಕಿಂಗ್ ಅವರಿಗೂ ನಮಗೂ ಒಂದು ಹಳೆಯ ನಂಟಿದೆ. 1959ರಲ್ಲಿ ಭಾರತಕ್ಕೆ ಬಂದಿದ್ದಾಗ ತಿರುವನಂತಪುರದಲ್ಲಿ ದಲಿತ ಮಕ್ಕಳ ಶಾಲೆಗೆ ಹೋಗಿದ್ದರಂತೆ. ಅಲ್ಲಿನ ಮುಖ್ಯೋಪಾಧ್ಯಾಯರು 'ಅಮೆರಿಕದ ಅಸ್ಪೃಶ್ಯ' ಅಂತ ಅವರನ್ನು ಮಕ್ಕಳಿಗೆ ಪರಿಚಯಿಸಿದರಂತೆ. ಮೊದಲು ಮನಸ್ಸಿಗೆ ಚುಚ್ಚಿತು, ಆಮೇಲೆ ಯೋಚಿಸಿದರೆ ಹೌದು, ನಾನೂ ಅಸ್ಪೃಶ್ಯನೇ ಅನ್ನಿಸಿತು ಅಂತ 1965ರ ಒಂದು ಪ್ರವಚನದಲ್ಲಿ ಕಿಂಗ್ ಅವರೇ ಹೇಳಿಕೊಂಡಿದ್ದಾರೆ. ಇಷ್ಟು ಹತ್ತಿರದ ಮನುಷ್ಯನ ಮಾತಿನ ಬಗ್ಗೆ ಒಂದು ತಕರಾರು ತೆಗೆಯುತ್ತಿದ್ದೇನೆ. ಚಳವಳಿಗೆ ಆ ಕುರ್ಚಿಯಲ್ಲಿ ಕಪ್ಪು ಹೆಣ್ಣುಮಗಳು ಕೂತಿರುವ ಚಿತ್ರ ಬೇಕಿತ್ತು, ಸರಿ. ಆದರೆ ಆ ಚಿತ್ರದೊಳಗೆ ಕೂತು ಸಣ್ಣಗಾಗಬೇಕಾಗಿದ್ದ ಒಂದು ಜೀವದ ಲೆಕ್ಕ ಯಾರು ಇಟ್ಟರು? ಮೀಸಲು ಕ್ಷೇತ್ರದಿಂದ ಗೆದ್ದ ನಮ್ಮ ಹೆಣ್ಣುಮಗಳು ಪಂಚಾಯ್ತಿ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತಿರುತ್ತಾಳೆ. ಮಾತಾಡುವವನು ಪಕ್ಕದಲ್ಲಿ ನಿಂತ ದೊಡ್ಡ ಮನುಷ್ಯ. ಫೋಟೋದಲ್ಲಿ ಸಮಾನತೆ, ನಡಾವಳಿ ಪುಸ್ತಕದಲ್ಲಿ ಹೆಬ್ಬೆಟ್ಟು. ಹಾಗಂತ ಕುರ್ಚಿ ಬಿಟ್ಟು ಎದ್ದುಬರಬೇಕು ಅನ್ನುತ್ತೇನೆಯೇ? ಇಲ್ಲ. ನಿಕೋಲ್ಸ್ ಆ ಕುರ್ಚಿಯ ಬಲದಿಂದಲೇ 1977ರಲ್ಲಿ ನಾಸಾದವರ ಎದುರು ನಿಂತು, ಗಗನಯಾತ್ರೆಗೆ ಹೆಂಗಸರನ್ನೂ ಕಪ್ಪು ಜನರನ್ನೂ ಸೇರಿಸುವ ಕೆಲಸಕ್ಕೆ ಇಳಿದರು. 1992ರಲ್ಲಿ ಆಕಾಶಕ್ಕೆ ಹಾರಿದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್ ತನಗೆ ಉಹುರಾ ಸ್ಫೂರ್ತಿ ಅಂದರು. ಪಾತ್ರ ಬರೆದವರು ಕೊಡದ ಮಾತನ್ನು ನಿಕೋಲ್ಸ್ ಸ್ಟುಡಿಯೋದ ಹೊರಗೆ ಬಂದು ಆಡಿದರು. ಆ ಶ್ರೇಯಸ್ಸು ಅವರದು, ಧಾರಾವಾಹಿಯದಲ್ಲ.

ನಮ್ಮ ಮಂಡ್ಯ, ತುಮಕೂರು ಕಡೆ ಪೌರಾಣಿಕ ನಾಟಕ ಆಡುವುದನ್ನು ಓದುಗರು ನೋಡಿದ್ದಾರೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಬೇಕು. ದುರ್ಯೋಧನ, ಕೃಷ್ಣ, ಭೀಮ ದುಬಾರಿ ಪಾತ್ರಗಳು. ಗದ್ದೆ ಇದ್ದವನು ದುಡ್ಡು ಕಟ್ಟಿ ದುರ್ಯೋಧನ ಆಗುತ್ತಾನೆ. ಕಂಠ ಚೆನ್ನಾಗಿರುವ ಕೇರಿಯ ಹುಡುಗ ದ್ವಾರಪಾಲಕ ಆಗಿ ಈಟಿ ಹಿಡಿದು ಬೆಳಗಿನ ಜಾವದ ತನಕ ನಿಂತಿರುತ್ತಾನೆ. ಹಾಡುಗಾರಿಕೆ ಬಾರದ ದುರ್ಯೋಧನನ ಮೇಲೆ ಆ ಹುಡುಗನಿಗೆ ಹುಟ್ಟುವ ಸಿಟ್ಟು ಹೊಟ್ಟೆಕಿಚ್ಚಲ್ಲ, ಅದು ಸರಿಯಾದ ಕಲಾವಿಮರ್ಶೆ. ಹಾಲಿವುಡ್ಡಿನಲ್ಲಿ ನಟ ದುಡ್ಡು ಕಟ್ಟುವುದಿಲ್ಲ, ದುಡ್ಡು ಇಸಕೊಳ್ಳುತ್ತಾನೆ ಅನ್ನುವುದಷ್ಟೇ ವ್ಯತ್ಯಾಸ. ಯಾರು ಎಷ್ಟು ಎತ್ತರ ಅನ್ನುವುದು ಅಲ್ಲೂ ಪರದೆ ಏಳುವ ಮುಂಚೆಯೇ ತೀರ್ಮಾನವಾಗಿರುತ್ತದೆ.

ಇನ್ನು ಶಾಟ್ನರ್ ವಿಚಾರ. ಅವರನ್ನು ಖಳನಾಯಕ ಮಾಡಿದರೆ ನಮ್ಮ ಕೆಲಸ ಸುಲಭ. ಆದರೆ ಅದು ಸುಳ್ಳಾಗುತ್ತದೆ. 1968ರ ನವೆಂಬರ್ 22ರಂದು ಪ್ರಸಾರವಾದ ಒಂದು ಕಂತಿನಲ್ಲಿ ಕರ್ಕ್ ಮತ್ತು ಉಹುರಾ ಮುತ್ತಿಡುವ ದೃಶ್ಯವಿದೆ. ಬಿಳಿ ಗಂಡಸು ಕಪ್ಪು ಹೆಂಗಸನ್ನು ಮುಟ್ಟಿದರೆ ದಕ್ಷಿಣದ ರಾಜ್ಯಗಳಲ್ಲಿ ಗಲಾಟೆಯಾದೀತು ಅಂತ ವಾಹಿನಿಯವರಿಗೆ ಹೆದರಿಕೆ. ಮುತ್ತಿಲ್ಲದ ಇನ್ನೊಂದು ದೃಶ್ಯವನ್ನೂ ತೆಗೆಯಿರಿ ಅಂದರು. ಶಾಟ್ನರ್ ಬೇಕೆಂತಲೇ ಅದನ್ನು ಕೆಡಿಸಿದರು, ಕ್ಯಾಮೆರಾ ಕಡೆ ಮೆಳ್ಳಗಣ್ಣು ಮಾಡಿದರು, ಕೊನೆಗೆ ಮುತ್ತಿನ ದೃಶ್ಯವನ್ನೇ ಹಾಕಬೇಕಾಯಿತು. ಇದನ್ನು ಹೇಳಿದವರು ಅವರನ್ನು ದೂರಿದ ನಿಕೋಲ್ಸ್ ಅವರೇ. ಬಣ್ಣದ ವಿರುದ್ಧ ನಿಲ್ಲಬಲ್ಲ ಮನುಷ್ಯ, ಪಕ್ಕದವಳ ಮಾತು ಕಡಿಮೆಯಾಗುತ್ತಿದೆ ಅನ್ನುವುದನ್ನು ಕಾಣಲಾರದೆ ಹೋದ. ಜಾತಿ ಬೇಡ ಅಂತ ವೇದಿಕೆ ಮೇಲೆ ಉರಿಯುವ ಭಾಷಣ ಮಾಡಿ, ಮನೆಗೆ ಬಂದವನಿಗೆ ಬೇರೆ ಲೋಟದಲ್ಲಿ ಕಾಫಿ ಕೊಡುವ ಪ್ರಗತಿಪರರನ್ನು ನಾವು ನೋಡಿಲ್ಲವೆ?

1993ರಲ್ಲಿ ಶಾಟ್ನರ್ ತಮ್ಮ ನೆನಪುಗಳ ಪುಸ್ತಕ ತಂದರು. ಅದಕ್ಕಾಗಿ ಹಳೆಯ ಜೊತೆಗಾರರನ್ನು ಮಾತಾಡಿಸಲು ಹೋದಾಗ ಡೂಹನ್ ಮಾತಾಡಲು ಒಪ್ಪಲೇ ಇಲ್ಲ. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯ ತೀರದಲ್ಲಿ ಗುಂಡೇಟು ತಿಂದು ಒಂದು ಬೆರಳು ಕಳಕೊಂಡ ಮನುಷ್ಯ ಡೂಹನ್. ಕ್ಯಾಪ್ಟನ್ನಿನ ಪುಸ್ತಕಕ್ಕೆ ಅವರು ಯಾಕೆ ಹೆದರಬೇಕು? ನಿಕೋಲ್ಸ್ ಮಾತಾಡಿದರು, ಮುಗಿಯಿತು ಅಂತ ಅವರು ಎದ್ದಾಗ ಕೂರಿಸಿ, ನಿಮ್ಮನ್ನು ನಾವು ಯಾಕೆ ಸಹಿಸುವುದಿಲ್ಲ ಅನ್ನುವುದನ್ನೂ ಕೇಳಿಕೊಂಡು ಹೋಗಿ ಅಂದರು. ಶಾಟ್ನರ್ ಇದನ್ನು ಮುಚ್ಚಿಡದೆ ಅಚ್ಚುಹಾಕಿದರು, ಆ ಮಟ್ಟಿಗೆ ಒಳ್ಳೆಯದೇ. ಆದರೆ ಅವರು ಕೊಟ್ಟ ಸಮಜಾಯಿಷಿ ಏನು? ನನಗೆ ಗೊತ್ತೇ ಇರಲಿಲ್ಲ.

ಗೆಳೆಯರೇ, ಈ 'ಗೊತ್ತೇ ಇರಲಿಲ್ಲ' ಎಂಬ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಇದು ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ, ನಿಜವೇ ಇರಬೇಕು. ಮೂರು ವರ್ಷ ದಿನಕ್ಕೆ ಹನ್ನೆರಡು ತಾಸು ಒಂದೇ ಕೋಣೆಯಲ್ಲಿ ಕೂತು ಹಿಂದೆ ಕೂತವರ ಮುಖ ನೋಡದೆ ಇರಬಹುದು. ಅಗ್ರಹಾರದಲ್ಲಿ ನೂರಾರು ವರ್ಷ ಹಾಗೆ ಬದುಕಿದವರಿದ್ದಾರೆ. ನಡುವಿನ ಕುರ್ಚಿಯಲ್ಲಿ ಕೂತವನಿಗೆ ಸುತ್ತ ಕೂತವರನ್ನು ನೋಡುವ ದರ್ದು ಇರುವುದಿಲ್ಲ. ಸುತ್ತ ಕೂತವರಿಗೆ ಮಾತ್ರ ನಡುವಿನವನ ಹುಬ್ಬು ಅಲ್ಲಾಡಿದ್ದೂ ಗೊತ್ತಿರುತ್ತದೆ, ಗೊತ್ತಿರಲೇಬೇಕು, ಹೊಟ್ಟೆಪಾಡು. ಆದ್ದರಿಂದ ಈ ಧಾರಾವಾಹಿಯ ನಿಜವಾದ ಚರಿತ್ರೆ ಬರೆದವರು ಆ ಗೋಡೆ ಪಕ್ಕದವರು. ನಿಕೋಲ್ಸ್, ಟಕೈ 1994ರಲ್ಲಿ, ಡೂಹನ್ 1996ರಲ್ಲಿ, ಅವರ ಹಿಂದೆಯೇ ಕೋನಿಗ್ ತಮ್ಮ ತಮ್ಮ ಕಥೆ ಬರೆದರು. ಹಾಲಿವುಡ್ಡಿನ ನಟರನ್ನೂ ನಮ್ಮ ಆತ್ಮಕಥೆಗಳನ್ನು ಬರೆದ ಅಣ್ಣಂದಿರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮೂರ್ಖತನ ನಾನು ಮಾಡುವುದಿಲ್ಲ. ಹಸಿವು ಬೇರೆ, ಅವಕಾಶ ಸಿಗದ ನೋವು ಬೇರೆ. ಆದರೂ ಮುಖ್ಯ ಪಾತ್ರದವನ ಪುಸ್ತಕ ಓದಿದ ಮೇಲೆ ದ್ವಾರಪಾಲಕನ ಪುಸ್ತಕ ಓದಿದರೆ ಅದೇ ನಾಟಕ ಬೇರೆಯಾಗಿ ಕಾಣುತ್ತದೆ.

ಟಕೈ ಅವರ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಶಾಟ್ನರ್ ಬಗ್ಗೆ ಇರುವುದಲ್ಲ. ಟಕೈ 1937ರಲ್ಲಿ ಹುಟ್ಟಿದವರು. 1942ರಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದ ಸುಮಾರು 1,20,000 ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ ಐದು ವರ್ಷದ ಈ ಹುಡುಗನೂ ಮುಳ್ಳುತಂತಿಯ ಒಳಗೆ ಹೋದ. ಮೊದಲು ಅವರ ಸಂಸಾರವನ್ನು ಇಟ್ಟದ್ದು ಒಂದು ರೇಸ್ ಮೈದಾನದ ಕುದುರೆ ಲಾಯದಲ್ಲಿ. ಇಂಥ ಬಾಲ್ಯ ಕಂಡವರು ಎರಡನೇ ವರ್ಷ ಒಂದು ಸಿನಿಮಾದ ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಸುಲುವಿಗೆ ಬರೆದಿದ್ದ ಮಾತುಗಳು ಹೊಸದಾಗಿ ಬಂದ ಚೆಕಾವ್ ಪಾಲಾಗಿದ್ದವು. ಬಂದು ನೋಡಿದರೆ ಬಣ್ಣ ಹಚ್ಚುವ ಕೋಣೆಯನ್ನೂ ಅದೇ ಹುಡುಗನ ಜೊತೆ ಹಂಚಿಕೊಳ್ಳಬೇಕು. ಅವನ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು ಅಂತ ಟಕೈ ಒಪ್ಪಿಕೊಳ್ಳುತ್ತಾರೆ.

ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ಇದನ್ನೇ. ಮೇಲೊಬ್ಬ ಕೆಳಗೊಬ್ಬ ಅಷ್ಟೇ ಆಗಿದ್ದರೆ ಕೆಳಗಿನವರೆಲ್ಲ ಸೇರಿ ಒಂದು ದಿನ ಏಣಿಯನ್ನು ಅಲ್ಲಾಡಿಸುತ್ತಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಇರುವುದರಿಂದ ಪ್ರತಿಯೊಬ್ಬನ ಸಿಟ್ಟೂ ಪಕ್ಕದ ಮೆಟ್ಟಿಲಿನವನ ಮೇಲೆ ಖರ್ಚಾಗಿಹೋಗುತ್ತದೆ. ಹೊಲೆಯರು ಮಾದಿಗರು ಒಬ್ಬರ ಬಾವಿ ನೀರು ಒಬ್ಬರು ಮುಟ್ಟದೆ ಇದ್ದ ಊರುಗಳನ್ನು ಕಂಡವರಿಗೆ ಟಕೈ ಕೋನಿಗ್ ಜಗಳ ಹೊಸದೇನಲ್ಲ. ಮೇಲಿನ ಮೆಟ್ಟಿಲಲ್ಲೂ ಇದೇ. ಮೊದಲ ವರ್ಷ ಶಾಟ್ನರ್ ಅವರಿಗೆ ಕಂತಿಗೆ 5,000 ಡಾಲರ್, ನಿಮೊಯ್ ಅವರಿಗೆ 1,250. ಜನ ಸ್ಪಾಕ್‌ನನ್ನು ಹುಚ್ಚೆದ್ದು ಮೆಚ್ಚಿದಾಗ ನಿಮೊಯ್ ಹೆಚ್ಚು ಕೇಳಿದರು. ಸ್ಟುಡಿಯೋದವರು ಬೇರೆ ಯಾರಿಗೆ ಆ ಪಾತ್ರ ಕೊಡಬಹುದು ಅಂತ ಪಟ್ಟಿಯನ್ನೇ ತಯಾರಿಸಿ, ಆಮೇಲೆ 2,500ಕ್ಕೆ ಬಂದರು. ನಾಯಕನಿಗೆ ನಿಮೊಯ್ ಮೇಲೆ ಅಸಮಾಧಾನ, ನಿಮೊಯ್‌ಗೆ ನಾಯಕನ ಮೇಲೆ. ಅವರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿರುವಾಗ ಲೆಕ್ಕದ ಪುಸ್ತಕ ಇದ್ದದ್ದು ಮೂರನೆಯವನ ಕಂಕುಳಲ್ಲಿ.

ಆ ಮೂರನೆಯವನನ್ನು ಸಿನಿಮಾ ಪುಟಗಳು ಹೆಸರಿಸುವುದೇ ಇಲ್ಲ. 1969ರಲ್ಲಿ ನಿಂತ ಧಾರಾವಾಹಿ ಮರುಪ್ರಸಾರದಲ್ಲಿ ಊರೂರು ಸುತ್ತಿ ನಿಜವಾಗಿ ಜನಪ್ರಿಯವಾಯಿತು. ಆಗಿನ ಕರಾರಿನಲ್ಲಿ ಮೊದಲ ಕೆಲವು ಮರುಪ್ರಸಾರಗಳಿಗಷ್ಟೇ ನಟರಿಗೆ ಪಾಲು. ಆಮೇಲೆ ಎಷ್ಟು ಸಾವಿರ ಸಲ ತೋರಿಸಿದರೂ ಬಿಡಿಗಾಸಿಲ್ಲ. ಆ ದಿನಗಳಲ್ಲಿ ಸ್ವತಃ ಶಾಟ್ನರ್ ಮನೆಯಿಲ್ಲದೆ ಒಂದು ಟ್ರಕ್ಕಿನ ಹಿಂದಿನ ಗೂಡಿನಲ್ಲಿ ವಾಸಮಾಡಿದ್ದರು. ಕ್ಯಾಪ್ಟನ್ನೂ ಕೊನೆಗೆ ಕೂಲಿಯವನೇ! ಇದನ್ನು ಅವರು ಆವತ್ತೇ ಅರ್ಥಮಾಡಿಕೊಂಡು ಗೋಡೆ ಪಕ್ಕದವರ ಜೊತೆ ಕೂತಿದ್ದರೆ ಕಥೆ ಬೇರೆಯಾಗುತ್ತಿತ್ತು. ಹಾಗೆ ಕೂತವರಿದ್ದಾರೆ. 'ಫ್ರೆಂಡ್ಸ್' ಎಂಬ ಧಾರಾವಾಹಿಯ ಆರು ಜನ ನಟರು 1996ರಲ್ಲಿ ಬೇರೆ ಬೇರೆ ಹೋಗದೆ ಒಟ್ಟಾಗಿ ಚೌಕಾಸಿಗೆ ಕೂತರು. ಹೆಚ್ಚು ಸಿಗುತ್ತಿದ್ದವರೂ ಸರಿಸಮ ಕೂಲಿಗೆ ಒಪ್ಪಿದರು. 2002ರ ಹೊತ್ತಿಗೆ ತಲಾ ಕಂತಿಗೆ ಹತ್ತು ಲಕ್ಷ ಡಾಲರ್ ಆಯಿತು. ಆ ಆರೂ ಜನ ಬಿಳಿಯರು ಅನ್ನುವುದನ್ನೂ ಮರೆಯಬಾರದು; ಒಂದೇ ಬೀದಿಯವರು ಒಗ್ಗಟ್ಟಾಗುವುದು ಅಷ್ಟು ಕಷ್ಟವಲ್ಲ.

ಕಷ್ಟದ ಒಗ್ಗಟ್ಟು ಯಾವುದೆಂದರೆ 1973ರದ್ದು. ಸ್ಟಾರ್ ಟ್ರೆಕ್ಕನ್ನು ಕಾರ್ಟೂನ್ ಮಾಡಲು ಹೊರಟ ಕಂಪನಿ ಖರ್ಚು ಉಳಿಸಲು ನಿಕೋಲ್ಸ್, ಟಕೈ ಇಬ್ಬರನ್ನೂ ಬಿಟ್ಟಿತು. ಉಹುರಾ, ಸುಲು ಚಿತ್ರದಲ್ಲಿ ಇರುತ್ತಾರೆ, ದನಿ ಮಾತ್ರ ಬೇರೆ ಬಿಳಿಯ ನಟರದು. ಮುಖ ಇವರದು, ಬಾಯಿ ಅವರದು. ನಿಮೊಯ್ ಇದನ್ನು ಕೇಳಿ, ಆ ಇಬ್ಬರೂ ಇಲ್ಲದಿದ್ದರೆ ನಾನೂ ಇಲ್ಲ ಅಂದರು. ಸ್ಪಾಕ್ ಇಲ್ಲದ ಸ್ಟಾರ್ ಟ್ರೆಕ್ ಯಾರಿಗೆ ಬೇಕು? ಕಂಪನಿ ಬಗ್ಗಿತು. ಅದಕ್ಕೂ ಮುಂಚೆ, ನಿಕೋಲ್ಸ್ ಅವರಿಗೆ ತನಗೂ ಟಕೈಗೂ ಕೊಡುವುದಕ್ಕಿಂತ ಕಡಿಮೆ ಕೊಡುತ್ತಿದ್ದಾರೆ ಅಂತ ಗೊತ್ತಾದಾಗ ತಾನು ನಿಮೊಯ್‌ಗೆ ಹೇಳಿದೆನೆಂದೂ, ಅವರು ಆಫೀಸಿಗೆ ಹೋಗಿ ಸರಿಮಾಡಿಸಿದರೆಂದೂ ಕೋನಿಗ್ ಹೇಳಿದ್ದಾರೆ. ಬಲ ಇದ್ದವನು ಅದನ್ನು ಕೆಳಗಿನವರಿಗಾಗಿ ಪಣಕ್ಕಿಟ್ಟ ಇಂಥ ಪ್ರಸಂಗ ಕಡಿಮೆ. ಅದಕ್ಕೇ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಆದರೆ ಕಾರ್ಟೂನಿನಲ್ಲಿ ಕೋನಿಗ್ ಅವರಿಗೇ ಜಾಗ ಸಿಗಲಿಲ್ಲ. ಒಂದು ಕಂತು ಬರೆದುಕೊಡುವ ಕೆಲಸ ಕೊಟ್ಟು ಸಮಾಧಾನ ಮಾಡಿದರು.

ಸುಲುವಿಗೆ ಬಡ್ತಿ ಸಿಗುವ ವಿಷಯ ಇನ್ನೂ ಉದ್ದ. 1982ರ ಸಿನಿಮಾದಲ್ಲಿ ಅವನು ಕ್ಯಾಪ್ಟನ್ ಆಗುವ ಸುದ್ದಿಯ ಒಂದು ಪುಟ್ಟ ದೃಶ್ಯವಿತ್ತು. ಶಾಟ್ನರ್ ತಮ್ಮ ಮಾತನ್ನು ಅಷ್ಟು ನೀರಸವಾಗಿ ಒಪ್ಪಿಸಿದ್ದರಿಂದಲೇ ಅದು ಕತ್ತರಿಗೆ ಹೋಯಿತು ಅನ್ನುವುದು ಟಕೈ ಅವರ ಆರೋಪ. ಶಾಟ್ನರ್ ಇಂಥ ಆರೋಪಗಳನ್ನು ಒಪ್ಪಿಲ್ಲ. ಯಾರ ಮಾತು ನಿಜವೋ, ಸುಲು ಸ್ವಂತ ಹಡಗಿನ ಕುರ್ಚಿಯಲ್ಲಿ ಕೂತದ್ದು 1991ರಲ್ಲಿ. 2008ರಲ್ಲಿ ಟಕೈ ತಮ್ಮ ಸಂಗಾತಿಯನ್ನು ಮದುವೆಯಾದಾಗ ಪಕ್ಕದಲ್ಲಿ ನಿಂತ ಆಪ್ತರು ಯಾರು ಗೊತ್ತೆ? ಒಂದು ಕಡೆ ನಿಕೋಲ್ಸ್, ಇನ್ನೊಂದು ಕಡೆ ಅದೇ ಕೋನಿಗ್. ಶಾಟ್ನರ್ ಇರಲಿಲ್ಲ. ಕರೆಯಲಿಲ್ಲ ಅಂತ ಅವರು, ಕರೆದಿದ್ದೆವು ಅಂತ ಇವರು.

ಇನ್ನು ಹೆಸರಿನ ವಿಷಯ. ಕ್ಯಾಪ್ಟನ್ನಿಗೆ ಮೂರು ಹೆಸರು, ನಡುವಿನ ಹೆಸರಿಗೂ ಒಂದು ಅಕ್ಷರ. ಸುಲುವಿನ ಪೂರ್ತಿ ಹೆಸರು ಪರದೆಯ ಮೇಲೆ ಕೇಳಿದ್ದು 1991ರಲ್ಲಿ. ಉಹುರಾ ಎಂಬುದು ಸ್ವಾಹಿಲಿಯ 'ಉಹುರು' ಎಂಬ ಪದದಿಂದ ಬಂದದ್ದು, ಅರ್ಥ ಸ್ವಾತಂತ್ರ್ಯ. ಆದರೆ 79 ಕಂತು, ಆರು ಸಿನಿಮಾ ಮುಗಿದರೂ ಆಕೆಗೆ ಸ್ವಂತದ ಇನ್ನೊಂದು ಹೆಸರನ್ನು ಪರದೆ ಮೇಲೆ ಯಾರೂ ಹೇಳಲಿಲ್ಲ. 2009ರ ಸಿನಿಮಾದಲ್ಲಿ ಎಳೆಯ ಕರ್ಕ್ ಮತ್ತೆ ಮತ್ತೆ ಕೇಳುತ್ತಾನೆ, ಅವಳು ಹೇಳುವುದಿಲ್ಲ. ಕೊನೆಗೆ ಸ್ಪಾಕ್ ಕರೆಯುವಾಗ ಅವನ ಕಿವಿಗೆ ಬೀಳುತ್ತದೆ, ನಯೋಟ. ನಕ್ಷತ್ರ ಅಂತ ಅರ್ಥ. ಅಷ್ಟು ಹೊತ್ತಿಗೆ ಆ ಪಾತ್ರದಲ್ಲಿ ನಿಕೋಲ್ಸ್ ಇರಲಿಲ್ಲ, ಬೇರೆ ನಟಿ ಇದ್ದರು.